ತೂಕ ಇಳಿಸುವ ವಿದ್ಯೆ

ವೇಗದ ಕಾರಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ಅದರ ಅಶ್ವಶಕ್ತಿ ಎಷ್ಟು ಎಂದು. ಅದರ ತೂಕ ಎಷ್ಟು ಎಂದು ಕೇಳುವವರು ಅಪರೂಪ. ಆದರೆ ಕಳೆದ ನಾಲ್ಕು ದಶಕಗಳ ಸೂಪರ್‌ಕಾರುಗಳನ್ನು ಸಾಲಾಗಿ ನಿಲ್ಲಿಸಿ ನೋಡಿದರೆ, ಎರಡನೆಯ ಪ್ರಶ್ನೆಯೇ ಹೆಚ್ಚು ಹೇಳುತ್ತದೆ.

ಎರಡು ಕಾರುಗಳ ಲೆಕ್ಕ ನೋಡೋಣ. 1992ರಲ್ಲಿ ಮೊನಾಕೊದಲ್ಲಿ ಅನಾವರಣಗೊಂಡ ಮೆಕ್‌ಲಾರೆನ್ ಎಫ್1 ಕಾರಿಗೆ 627 ಅಶ್ವಶಕ್ತಿ, 1,138 ಕೆಜಿ ತೂಕ. 2005ರಲ್ಲಿ ಬಂದ ಬುಗಾಟಿ ವೇರಾನ್‌ಗೆ 1,001 ಅಶ್ವಶಕ್ತಿ, 1,888 ಕೆಜಿ ತೂಕ. ಭಾಗಿಸಿ ನೋಡಿದರೆ ಮೆಕ್‌ಲಾರೆನ್‌ನ ಒಂದು ಟನ್ ತೂಕಕ್ಕೆ 551 ಅಶ್ವಶಕ್ತಿ ಬರುತ್ತದೆ, ಬುಗಾಟಿಯ ಒಂದು ಟನ್ನಿಗೆ 530. ಹದಿಮೂರು ವರ್ಷಗಳ ನಂತರ, 374 ಅಶ್ವಶಕ್ತಿ ಹೆಚ್ಚು ಸುರಿದ ಮೇಲೂ, ಕಾರಿನ ಪ್ರತಿ ಕೆಜಿಗೆ ಸಿಕ್ಕ ಶಕ್ತಿ ಕಡಿಮೆಯೇ ಆಯಿತು. ಸೇರಿಸಿದ ಶಕ್ತಿಯನ್ನು ಸೇರಿಸಿದ ತೂಕವೇ ನುಂಗಿತು.

ರಸ್ತೆಯಲ್ಲೂ ಓಡಬೇಕು, ರೇಸ್ ಟ್ರ್ಯಾಕಿನಲ್ಲೂ ಗೆಲ್ಲಬೇಕು ಎಂಬ ಕಾರನ್ನು ಕಟ್ಟುವವರ ಮುಂದೆ ಎರಡು ದಾರಿಗಳಿವೆ. ಶಕ್ತಿ ಏರಿಸುವುದು ಒಂದು, ತೂಕ ಇಳಿಸುವುದು ಇನ್ನೊಂದು. ಈ ಎರಡು ದಾರಿಗಳಲ್ಲಿ ನಡೆದವರು ಎಲ್ಲಿಗೆ ತಲುಪಿದರು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಶಕ್ತಿಯನ್ನು ದುಡ್ಡು ಕೊಟ್ಟು ತರಬಹುದು, ಹಗುರತನವನ್ನು ಯೋಚಿಸಿಯೇ ಗಳಿಸಬೇಕು. ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ ನಿಜವಾಗಿ ಸಲ್ಲುವುದು ಹಗುರವಾದ ಕಾರು.

ತೂಕ ಎಲ್ಲೆಲ್ಲಿ ಸುಂಕ ವಸೂಲು ಮಾಡುತ್ತದೆ

ಹೆಚ್ಚಿನ ಶಕ್ತಿಯ ಫಲ ಸಿಗುವುದು ಆಕ್ಸಿಲರೇಟರ್ ಒತ್ತಿದಾಗ ಮಾತ್ರ. ತೂಕದ ಹೊರೆ ಹಾಗಲ್ಲ. ಹೊರಡುವಾಗ, ನಿಲ್ಲುವಾಗ, ತಿರುಗುವಾಗ, ಉಬ್ಬು ಹತ್ತಿ ಇಳಿಯುವಾಗ, ಎಲ್ಲ ಕಡೆಯೂ ಅದನ್ನು ತೆರಬೇಕು. ಗಂಟೆಗೆ 300 ಕಿ.ಮೀ ವೇಗದಲ್ಲಿರುವ 1,000 ಕೆಜಿ ಕಾರಿನ ಚಲನಶಕ್ತಿ ಸುಮಾರು 35 ಲಕ್ಷ ಜೂಲ್. ಕಾರು 2,000 ಕೆಜಿ ಇದ್ದರೆ ಅದು 70 ಲಕ್ಷ. ನಿಲ್ಲಿಸಬೇಕಾದರೆ ಇದರಲ್ಲಿ ಬಹುಪಾಲನ್ನು ಬ್ರೇಕ್ ಡಿಸ್ಕುಗಳು ಶಾಖವಾಗಿ ಪರಿವರ್ತಿಸಬೇಕು. ಹಾಗಾಗಿ ಭಾರದ ಕಾರಿಗೆ ದೊಡ್ಡ ಡಿಸ್ಕ್ ಬೇಕು, ದೊಡ್ಡ ಡಿಸ್ಕಿಗೆ ದೊಡ್ಡ ಚಕ್ರ ಬೇಕು, ದೊಡ್ಡ ಚಕ್ರವನ್ನು ಹಿಡಿದಿಡಲು ಗಟ್ಟಿ ಸಸ್ಪೆನ್ಷನ್ ಬೇಕು. ಇವೆಲ್ಲವೂ ಮತ್ತೆ ತೂಕವೇ. ತೂಕ ತೂಕವನ್ನು ಹುಟ್ಟಿಸುತ್ತಾ ಹೋಗುತ್ತದೆ. ಸಂತೋಷದ ಸಂಗತಿಯೆಂದರೆ ಈ ಸರಪಳಿ ಹಿಂದಕ್ಕೂ ಓಡುತ್ತದೆ. ಒಂದು ಕಡೆ ಇಳಿಸಿದ ತೂಕ ಇನ್ನೂ ನಾಲ್ಕು ಕಡೆ ಇಳಿಸಲು ದಾರಿ ಮಾಡಿಕೊಡುತ್ತದೆ.

ಟೈರಿನ ವಿಷಯ ಇನ್ನೂ ಸೂಕ್ಷ್ಮ. ಟೈರಿನ ಮೇಲಿನ ಭಾರ ಎರಡು ಪಟ್ಟಾದರೆ ಅದರ ಹಿಡಿತವೂ ಎರಡು ಪಟ್ಟಾಗುತ್ತದೆ ಎಂದು ಶಾಲೆಯ ಭೌತಶಾಸ್ತ್ರ ಕಲಿತವರು ಭಾವಿಸುತ್ತಾರೆ. ರಬ್ಬರ್ ಹಾಗೆ ವರ್ತಿಸುವುದಿಲ್ಲ. ಭಾರ ಹೆಚ್ಚಾದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ತಲೆಯ ಮೇಲೆ ಹೊರೆ ಹೊತ್ತು ಓಡುತ್ತಿರುವವನು ಥಟ್ಟನೆ ದಿಕ್ಕು ಬದಲಿಸಲು ಹೋದರೆ ಕಾಲು ಹೇಗೆ ಜಾರುತ್ತದೋ, ಭಾರದ ಕಾರು ತಿರುವಿನಲ್ಲಿ ಹಾಗೆಯೇ ಹೊರಕ್ಕೆ ಜಾರಲು ನೋಡುತ್ತದೆ. ಅಗಲವಾದ ಟೈರು ಹಾಕಿ ಇದನ್ನು ತಕ್ಕಮಟ್ಟಿಗೆ ಸರಿದೂಗಿಸಬಹುದು. ಆದರೆ ಟೈರು ಅಗಲವಾದಷ್ಟೂ ಸ್ಟಿಯರಿಂಗ್ ಮೂಲಕ ಕೈಗೆ ತಲುಪುವ ರಸ್ತೆಯ ಸುದ್ದಿ ಮಂದವಾಗುತ್ತದೆ.

ಶಕ್ತಿಗೂ ಒಂದು ಮಿತಿಯಿದೆ. ಟೈರು ನೆಲಕ್ಕೆ ದಾಟಿಸಬಲ್ಲಷ್ಟು ಶಕ್ತಿಯೇ ಕೆಲಸಕ್ಕೆ ಬರುವುದು, ಮಿಕ್ಕಿದ್ದು ಹೊಗೆಯಾಗಿ ಹೋಗುತ್ತದೆ. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಅಂದರೆ ಗರಿಷ್ಠ ವೇಗವನ್ನು ಶೇ 10ರಷ್ಟು ಏರಿಸಬೇಕಾದರೆ ಶಕ್ತಿಯನ್ನು ಶೇ 33ರಷ್ಟು ಏರಿಸಬೇಕು. ಗರಿಷ್ಠ ವೇಗದ ದಾಖಲೆಗೆ ಶಕ್ತಿ ಅನಿವಾರ್ಯ ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಯಾವ ರಸ್ತೆಯೂ ಯಾವ ರೇಸ್ ಟ್ರ್ಯಾಕೂ ಬರಿಯ ನೇರ ದಾರಿಯಲ್ಲ.

ಚಾಪ್‌ಮನ್ ಹಾಕಿಕೊಟ್ಟ ದಾರಿ

ಹಗುರತನವನ್ನು ಒಂದು ಸಿದ್ಧಾಂತವಾಗಿಸಿದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಅವರ ಲೋಟಸ್ ಕಂಪನಿಯ 'ಸೆವೆನ್' 1957ರಲ್ಲಿ ಬಂತು. ಕೊಳವೆಗಳ ಚೌಕಟ್ಟು, ತೆಳುವಾದ ಅಲ್ಯೂಮಿನಿಯಂ ಹೊದಿಕೆ, ಮುಂದೆ ಚಿಕ್ಕ ಎಂಜಿನ್, ಇಬ್ಬರಿಗೆ ಸೀಟು, ಅಷ್ಟೇ. ವಾರದ ದಿನಗಳಲ್ಲಿ ರಸ್ತೆಯಲ್ಲಿ ಓಡಿಸಿ, ಭಾನುವಾರ ಅದೇ ಕಾರಿನಲ್ಲಿ ರೇಸಿಗೆ ಹೋಗಿ, ಸಂಜೆ ಅದರಲ್ಲೇ ಮನೆಗೆ ಮರಳುವವರಿಗಾಗಿ ಮಾಡಿದ ಕಾರು ಅದು. ಒಂದೇ ಭಾಗ ಎರಡು ಕೆಲಸ ಮಾಡಬೇಕು, ಕೆಲಸವಿಲ್ಲದ ಭಾಗ ಇರಲೇಬಾರದು ಎಂಬುದು ಚಾಪ್‌ಮನ್ ಅವರ ಪಟ್ಟು. 1973ರಲ್ಲಿ ಸೆವೆನ್ ತಯಾರಿಸುವ ಹಕ್ಕು ಕೇಟರಮ್ ಕಂಪನಿಗೆ ಹೋಯಿತು. ಆ ಕಾರು ಇಂದಿಗೂ ತಯಾರಾಗುತ್ತಿದೆ ಎಂಬುದೇ ಆ ಚಿಂತನೆಗೆ ಸಿಕ್ಕ ದೊಡ್ಡ ಮನ್ನಣೆ.

ಚಾಪ್‌ಮನ್ ಕಾಲವಾದ ಮೇಲೆ, 1996ರಲ್ಲಿ, ಲೋಟಸ್ ಎಲೀಸ್ ಬಂತು. ಅಲ್ಯೂಮಿನಿಯಂ ಪಟ್ಟಿಗಳನ್ನು ಬೆಸುಗೆ ಹಾಕದೆ ಅಂಟಿನಿಂದ ಜೋಡಿಸಿದ ಅದರ ಷಾಸಿಯ ತೂಕ 70 ಕೆಜಿಯೂ ಇರಲಿಲ್ಲ. ಇಡೀ ಕಾರು 725 ಕೆಜಿ ಆಸುಪಾಸು. ಅದರಲ್ಲಿದ್ದುದು ರೋವರ್ ಕಂಪನಿಯ 1.8 ಲೀಟರಿನ, 120 ಅಶ್ವಶಕ್ತಿಯ ಸಾಧಾರಣ ಎಂಜಿನ್. ಸೂಪರ್‌ಕಾರ್ ಎನ್ನಲು ಬೇಕಾದ ಯಾವ ಅಂಕಿಯೂ ಅದರಲ್ಲಿರಲಿಲ್ಲ. ಆದರೂ ತನಗಿಂತ ಎರಡು ಪಟ್ಟು ಶಕ್ತಿಯ ಕಾರುಗಳನ್ನು ತಿರುವಿನ ದಾರಿಯಲ್ಲಿ ಬೆನ್ನಟ್ಟಬಲ್ಲ ಕಾರೆಂದು ಅದು ಹೆಸರಾಯಿತು.

ಇದೇ ದಾರಿಯನ್ನು ತುದಿಯವರೆಗೆ ನಡೆದವರೂ ಇದ್ದಾರೆ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ ತಯಾರಾಗುವ ಏರಿಯಲ್ ಆಟಮ್‌ಗೆ ಬಾಗಿಲಿಲ್ಲ, ಮೇಲ್ಛಾವಣಿಯಿಲ್ಲ, ಹೊದಿಕೆಯೂ ಇಲ್ಲವೆನ್ನುವಷ್ಟು. ಕೊಳವೆಗಳ ಹಂದರವೇ ಅದರ ಮೈ. ಅದರ ವಿ8 ಎಂಜಿನ್ನಿನ ಆವೃತ್ತಿಗೆ 500 ಅಶ್ವಶಕ್ತಿ, ತೂಕ 550 ಕೆಜಿ. ಲಿವರ್‌ಪೂಲಿನ ಬಿಎಸಿ ಕಂಪನಿ 2011ರಲ್ಲಿ ತಂದ 'ಮೋನೊ' ಕಾರಿನಲ್ಲಿ ಒಬ್ಬರೇ ಕೂರಬಹುದು, ಅದೂ ನಟ್ಟನಡುವೆ. 540 ಕೆಜಿಯ ಆ ಕಾರಿಗೆ 2.3 ಲೀಟರಿನ, ಸುಮಾರು 280 ಅಶ್ವಶಕ್ತಿಯ ನಾಲ್ಕು ಸಿಲಿಂಡರ್ ಎಂಜಿನ್. ಟನ್ನಿನ ಲೆಕ್ಕಕ್ಕೆ ತಂದರೆ ಇದು ಹದಿನಾರು ಸಿಲಿಂಡರಿನ ವೇರಾನ್‌ಗೆ ಹೆಚ್ಚು ಕಡಿಮೆ ಸರಿಸಮ. ಆಸ್ಟ್ರಿಯಾದ ಕೆಟಿಎಂ 2008ರಲ್ಲಿ 'ಎಕ್ಸ್-ಬೋ' ತಂದಾಗ ಅದರ ಕಾರ್ಬನ್ ಷಾಸಿಗೆ ಕೈಜೋಡಿಸಿದ್ದು ಇಟಲಿಯ ರೇಸ್ ಕಾರು ತಯಾರಕ ಡಲ್ಲಾರಾ. ಮುಂದೆ 2017ರಲ್ಲಿ ಡಲ್ಲಾರಾ ತನ್ನದೇ ಹೆಸರಿನಲ್ಲಿ 'ಸ್ಟ್ರಡಾಲೆ' ಹೊರತಂದಿತು: ಇಂಧನ, ಎಣ್ಣೆಯಂಥ ದ್ರವಗಳಿಲ್ಲದೆ 855 ಕೆಜಿ, 400 ಅಶ್ವಶಕ್ತಿ.

ಈ ಕಾರುಗಳ ಮಿತಿಯನ್ನೂ ಒಪ್ಪಿಕೊಳ್ಳಬೇಕು. ಮಳೆ ಬಂದರೆ ನೆನೆಯಬೇಕು, ಸಾಮಾನಿಗೆ ಜಾಗವಿಲ್ಲ, ದೂರದ ಪ್ರಯಾಣವೆಂದರೆ ಶಿಕ್ಷೆ. ಇವು ಟ್ರ್ಯಾಕಿನಿಂದ ರಸ್ತೆಗೆ ಪರವಾನಗಿ ಪಡೆದು ಬಂದ ಅತಿಥಿಗಳು. ರಸ್ತೆಯಲ್ಲೇ ಹುಟ್ಟಿ, ಟ್ರ್ಯಾಕಿನಲ್ಲೂ ಗೆದ್ದ ಕಾರನ್ನು ಹುಡುಕಬೇಕಾದರೆ ಮೊದಲು ಕಾರ್ಬನ್ ಫೈಬರಿನ ಕಥೆಗೆ ಬರಬೇಕು.

ಕಾರ್ಬನ್ ತಂದ ತಿರುವು

ಕಾರು ಹಗುರವಾಗಬೇಕು, ಆದರೆ ಬಾಗಬಾರದು, ತಿರುಚಬಾರದು, ಅಪಘಾತದಲ್ಲಿ ಒಳಗಿದ್ದವರನ್ನು ಉಳಿಸಬೇಕು. ಉಕ್ಕಿನಿಂದ ಇವೆಲ್ಲವನ್ನೂ ಒಟ್ಟಿಗೆ ಪಡೆಯುವುದು ಕಷ್ಟ. ಕಾರ್ಬನ್ ನೂಲಿನ ಬಟ್ಟೆಗೆ ರಾಳ ಕೂಡಿಸಿ, ಅಚ್ಚಿನಲ್ಲಿ ಪದರ ಪದರವಾಗಿ ಹಾಸಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಬೇಯಿಸಿದರೆ ಸಿಗುವ ವಸ್ತು ಈ ಕಷ್ಟವನ್ನು ಪರಿಹರಿಸಿತು. ಯಾವ ದಿಕ್ಕಿನಲ್ಲಿ ಬಲ ಬೀಳುತ್ತದೋ ಆ ದಿಕ್ಕಿಗೆ ನೂಲನ್ನು ಹಾಸಬಹುದು ಎಂಬುದು ಅದರ ದೊಡ್ಡ ಗುಣ. ಬಲ ಬೀಳದ ಕಡೆ ವಸ್ತುವನ್ನೇ ಉಳಿಸಬಹುದು.

ಮೊದಲ ಬಾರಿಗೆ ಫಾರ್ಮುಲಾ ಒನ್‌ನಲ್ಲಿ ಪೂರ್ತಿ ಕಾರ್ಬನ್ ಷಾಸಿಯನ್ನು ತಂದದ್ದು 1981ರ ಮೆಕ್‌ಲಾರೆನ್ ಎಂಪಿ4/1. ವಿನ್ಯಾಸ ಜಾನ್ ಬರ್ನಾರ್ಡ್ ಅವರದು, ಷಾಸಿ ತಯಾರಿಸಿಕೊಟ್ಟದ್ದು ಅಮೆರಿಕದ ಹರ್ಕ್ಯುಲಿಸ್ ಎಂಬ ವಿಮಾನ-ರಾಕೆಟ್ ಕ್ಷೇತ್ರದ ಕಂಪನಿ. ಈ ವಸ್ತು ಅಪಘಾತದಲ್ಲಿ ಪುಡಿಯಾಗಿಬಿಡುತ್ತದೆ ಎಂದು ಹಲವರು ಅಂಜಿದ್ದರು. ಅದೇ ವರ್ಷ ಇಟಲಿಯ ಮೋಂಜಾದಲ್ಲಿ ಜಾನ್ ವಾಟ್ಸನ್ ಅವರ ಕಾರು ಭೀಕರವಾಗಿ ಅಪ್ಪಳಿಸಿ ಎಂಜಿನ್ನೇ ಕಿತ್ತುಹೋದರೂ ಅವರು ಸುರಕ್ಷಿತವಾಗಿ ಹೊರಗೆ ನಡೆದು ಬಂದರು. ಆ ಅಪಘಾತದ ನಂತರ ಅನುಮಾನದ ದನಿಗಳು ತಗ್ಗಿದವು.

ಮೂಲದಲ್ಲಿ ಇದು ವಿಮಾನದ ವಿದ್ಯೆ, ಮತ್ತು ಈ ವಿದ್ಯೆಯಲ್ಲಿ ಬೆಂಗಳೂರಿಗೂ ಪಾಲಿದೆ. ಇಲ್ಲಿನ ಎನ್‌ಎಎಲ್ ಪ್ರಯೋಗಾಲಯ ಆಟೋಕ್ಲೇವ್‌ಗಳನ್ನು ತಾನೇ ವಿನ್ಯಾಸಗೊಳಿಸಿ ಕಟ್ಟಿತು. ತೇಜಸ್ ಯುದ್ಧವಿಮಾನದ ಮೈಯ ತೂಕದಲ್ಲಿ ಸುಮಾರು ಶೇ 45ರಷ್ಟು ಕಾರ್ಬನ್ ಕಾಂಪೋಸಿಟ್ ಆಗಿರುವುದರ ಹಿಂದೆ ಆ ಪರಿಶ್ರಮವಿದೆ. ಸೂಪರ್‌ಕಾರನ್ನು ಹಗುರಗೊಳಿಸಿದ ತಂತ್ರ ನಮಗೆ ಅಪರಿಚಿತವಾದದ್ದಲ್ಲ.

ಇಟಲಿಯಲ್ಲಿ ಈ ವಸ್ತುವನ್ನು ಬೆನ್ನುಹತ್ತಿದವರು ಅರ್ಜೆಂಟೀನಾದಿಂದ ಬಂದ ಹೊರಾಸಿಯೊ ಪಗಾನಿ. ಲ್ಯಾಂಬೊರ್ಗಿನಿಯಲ್ಲಿದ್ದಾಗ ಆಟೋಕ್ಲೇವ್ ಕೊಳ್ಳಲು ಕಂಪನಿ ಒಪ್ಪದಿದ್ದಾಗ ಸಾಲ ಮಾಡಿ ಸ್ವತಃ ಕೊಂಡರು. ಆ ಒಲೆಯ ಬಲದಿಂದಲೇ ತಮ್ಮ ಕಂಪನಿ ಕಟ್ಟಿ 1999ರಲ್ಲಿ 'ಝೋಂಡಾ' ಕಾರನ್ನು ಹೊರತಂದರು. ಲ್ಯಾಂಬೊರ್ಗಿನಿಯೂ ಮುಂದೆ ಅದೇ ದಾರಿಗೆ ಬಂತು. 2010ರಲ್ಲಿ ಅದು ತೋರಿಸಿದ 'ಸೆಸ್ಟೊ ಎಲೆಮೆಂಟೊ' ವಿ10 ಎಂಜಿನ್ ಹೊತ್ತೂ 999 ಕೆಜಿ ಮಾತ್ರ ತೂಗುತ್ತಿತ್ತು. ಆದರೆ ಅದು ಟ್ರ್ಯಾಕಿಗಷ್ಟೇ ಮೀಸಲು.

ಕಾರ್ಬನ್ ಷಾಸಿಯ ದೊಡ್ಡ ತೊಡಕು ಕಾಲ ಮತ್ತು ಬೆಲೆ. ಮೆಕ್‌ಲಾರೆನ್ ಎಫ್1ನ ಒಂದೊಂದು ಷಾಸಿಗೂ ಸಾವಿರಾರು ಗಂಟೆಗಳ ಕೈಕೆಲಸ ಬೇಕಾಗಿತ್ತು. 2011ರ ಮೆಕ್‌ಲಾರೆನ್ 12ಸಿ ಹೊತ್ತಿಗೆ, ಅಚ್ಚಿನೊಳಗೆ ರಾಳವನ್ನು ಒತ್ತಿ ತುಂಬುವ ವಿಧಾನದಿಂದ, 75 ಕೆಜಿಯ ಷಾಸಿ ಕೆಲವೇ ಗಂಟೆಗಳಲ್ಲಿ ಸಿದ್ಧವಾಗುವಂತಾಯಿತು. 2013ರ ಆಲ್ಫಾ ರೋಮಿಯೋ 4ಸಿ ಇದನ್ನು ಇನ್ನೂ ಕೆಳಗಿನ ಬೆಲೆಗೆ ಇಳಿಸಿತು. ಕಾರ್ಬನ್ ಷಾಸಿ, 240 ಅಶ್ವಶಕ್ತಿ, ದ್ರವಗಳಿಲ್ಲದೆ 895 ಕೆಜಿ.

ಎಫ್40 ಮತ್ತು ಎಫ್1: ಎರಡು ಮೈಲಿಗಲ್ಲುಗಳು

1980ರ ದಶಕದ ಕೊನೆಯಲ್ಲಿ ಎರಡು ಕಾರುಗಳು ಎರಡು ತತ್ವಗಳಂತೆ ಎದುರುಬದುರಾದವು. ಜರ್ಮನಿಯ ಪೋರ್ಷೆ 959 ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಎಲೆಕ್ಟ್ರಾನಿಕ್ ವ್ಯವಸ್ಥೆಯನ್ನು ಹೊತ್ತು, 1,450 ಕೆಜಿ ತೂಗುತ್ತಿತ್ತು. ಫೆರಾರಿ ಕಂಪನಿಯ ನಲವತ್ತನೇ ವರ್ಷಕ್ಕೆಂದು 1987ರಲ್ಲಿ ಬಂದ ಎಫ್40 ಸುಮಾರು 1,100 ಕೆಜಿ. ಎಂಝೊ ಫೆರಾರಿ ತಮ್ಮ ಜೀವಿತಕಾಲದಲ್ಲಿ ಒಪ್ಪಿಗೆ ಕೊಟ್ಟ ಕೊನೆಯ ಕಾರು ಇದು. ಕಾರ್ಪೆಟ್ ಇಲ್ಲ, ರೇಡಿಯೊ ಇಲ್ಲ, ಬಾಗಿಲ ಒಳಗಡೆ ಹಿಡಿಕೆಯ ಬದಲು ಒಂದು ದಾರ. 2.9 ಲೀಟರಿನ ಟರ್ಬೊ ವಿ8 ಎಂಜಿನ್ 478 ಅಶ್ವಶಕ್ತಿ ಕೊಡುತ್ತಿತ್ತು. 959 ಮುಂದಿನ ಕಾಲದ ಎಲೆಕ್ಟ್ರಾನಿಕ್ಸ್‌ಗೆ ದಾರಿ ತೋರಿತು, ಎಫ್40 ಕಿತ್ತುಹಾಕುವುದರಲ್ಲಿ ಎಷ್ಟು ವೇಗ ಅಡಗಿದೆ ಎಂದು ತೋರಿತು.

ಕಿತ್ತುಹಾಕುವುದಲ್ಲ, ಮೊದಲಿನಿಂದಲೇ ಹಗುರವಾಗಿ ಕಟ್ಟುವುದು ಎಂಬ ಇನ್ನೊಂದು ಹೆಜ್ಜೆಯನ್ನು ಇಟ್ಟವರು ಗಾರ್ಡನ್ ಮರ್ರಿ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿ, ಬ್ರಭಾಮ್ ಮತ್ತು ಮೆಕ್‌ಲಾರೆನ್ ತಂಡಗಳಿಗೆ ಫಾರ್ಮುಲಾ ಒನ್ ಕಾರುಗಳನ್ನು ವಿನ್ಯಾಸಗೊಳಿಸಿದ್ದ ಮರ್ರಿ, ಮೆಕ್‌ಲಾರೆನ್ ಎಫ್1ನ ಪ್ರತಿ ಭಾಗವನ್ನೂ ತಕ್ಕಡಿಗೆ ಹಾಕಿದರು. ಚಾಲಕ ನಡುವೆ, ಅವನ ಇಕ್ಕೆಲದಲ್ಲಿ ಸ್ವಲ್ಪ ಹಿಂದಕ್ಕೆ ಇಬ್ಬರು. ಎಂಜಿನ್ ಕೋಣೆಯ ಶಾಖವನ್ನು ಹಿಂದಿರುಗಿಸಲು ತೆಳುವಾದ ಚಿನ್ನದ ಹಾಳೆ. ಟೂಲ್ ಕಿಟ್ ಕೂಡ ಟೈಟಾನಿಯಂನದು. ಪವರ್ ಸ್ಟಿಯರಿಂಗ್ ಇಲ್ಲ, ಎಬಿಎಸ್ ಇಲ್ಲ. ಆದರೆ ಎ.ಸಿ. ಇತ್ತು, ಹಗುರವಾಗಿ ಮಾಡಿಸಿದ ಸಿ.ಡಿ. ಪ್ಲೇಯರ್ ಇತ್ತು, ಎರಡು ಪಕ್ಕಗಳಲ್ಲಿ ಸಾಮಾನಿಡುವ ಜಾಗವಿತ್ತು. ಏಕೆಂದರೆ ಅವರ ಮನಸ್ಸಿನಲ್ಲಿದ್ದುದು ರಸ್ತೆಯ ಕಾರು. ಎಂಜಿನ್ನಿಗಾಗಿ ಬಿಎಂಡಬ್ಲ್ಯುವಿನ ಪೌಲ್ ರೋಶೆ ಅವರನ್ನು ಕೇಳಿದಾಗ 250 ಕೆಜಿ ಮಿತಿ ಹಾಕಿದ್ದರು. ಬಂದ 6.1 ಲೀಟರಿನ ವಿ12 ಎಂಜಿನ್ 266 ಕೆಜಿ ಇತ್ತು. ಕೇಳಿದ್ದಕ್ಕಿಂತ ಹೆಚ್ಚಿನ ಶಕ್ತಿ ಕೊಡುತ್ತಿದ್ದುದರಿಂದ ಆ 16 ಕೆಜಿಯನ್ನು ಒಪ್ಪಿಕೊಂಡರು.

ಫಲಿತಾಂಶ ಚರಿತ್ರೆಯಲ್ಲಿದೆ. 1998ರಲ್ಲಿ ಆಂಡಿ ವ್ಯಾಲೇಸ್ ಜರ್ಮನಿಯ ಪರೀಕ್ಷಾ ಟ್ರ್ಯಾಕಿನಲ್ಲಿ ಎಫ್1 ಅನ್ನು ಗಂಟೆಗೆ 386 ಕಿ.ಮೀ ವೇಗಕ್ಕೆ ಒಯ್ದರು. ಅದಕ್ಕಿಂತ ದೊಡ್ಡದು 1995ರ ಲೆ ಮಾನ್ ರೇಸ್. ರೇಸಿಗೆಂದು ಮಾಡಿರದ ಈ ಕಾರನ್ನು ಕೆಲವು ಗಿರಾಕಿಗಳು ಒತ್ತಾಯಿಸಿ ರೇಸಿಗಿಳಿಸಿದರು. ಎಂಜಿನ್ನಿಗೆ ಹೋಗುವ ಗಾಳಿಯನ್ನು ಮಿತಗೊಳಿಸುವ ನಿಯಮದಿಂದಾಗಿ ರೇಸ್ ಆವೃತ್ತಿಯ ಎಂಜಿನ್ ರಸ್ತೆಯ ಕಾರಿಗಿಂತ ಕಡಿಮೆ ಶಕ್ತಿ ಕೊಡುತ್ತಿತ್ತು. ಆದರೂ ಮಳೆಯಲ್ಲಿ ತೊಯ್ದ ಆ 24 ಗಂಟೆಗಳ ಕೊನೆಯಲ್ಲಿ ಯಾನಿಕ್ ದಲ್ಮಾಸ್, ಜೆ.ಜೆ. ಲೆಹ್ಟೊ, ಮಸನೋರಿ ಸೆಕಿಯಾ ಓಡಿಸಿದ ಎಫ್1 ಮೊದಲಿಗೆ ಬಂತು. ಮೂರು, ನಾಲ್ಕು, ಐದನೆಯ ಸ್ಥಾನಗಳೂ ಎಫ್1ಗಳಿಗೇ ಸಿಕ್ಕವು. ಒಟ್ಟು 106 ಕಾರುಗಳಷ್ಟೇ ತಯಾರಾದ ಈ ಮಾದರಿಗೆ ರಸ್ತೆ ಮತ್ತು ಟ್ರ್ಯಾಕ್ ಎರಡನ್ನೂ ಗೆದ್ದ ಕೀರ್ತಿ ತೂಕದ ಲೆಕ್ಕಾಚಾರದಿಂದಲೇ ಬಂತು.

ಶಕ್ತಿಯ ದಾರಿ ಹಿಡಿದವರು

ಶಕ್ತಿಯ ದಾರಿಯನ್ನು ಕಡೆಗಣಿಸುವುದು ನ್ಯಾಯವಲ್ಲ. ವೇರಾನ್ ನಿಂತಲ್ಲಿಂದ ಗಂಟೆಗೆ 100 ಕಿ.ಮೀ ಮುಟ್ಟಲು ಎರಡೂವರೆ ಸೆಕೆಂಡ್ ಸಾಕು. ಎಫ್1ಗೆ ಮೂರು ಸೆಕೆಂಡಿಗೂ ಹೆಚ್ಚು ಬೇಕು. ಟನ್ನಿಗೆ ಸಿಗುವ ಶಕ್ತಿ ಕಡಿಮೆಯಿದ್ದೂ ವೇರಾನ್ ಮುಂದಾದದ್ದು ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚಿದ್ದರಿಂದ. ಅದರ ಗರಿಷ್ಠ ವೇಗ 407 ಕಿ.ಮೀ. 2019ರಲ್ಲಿ ಅದರ ಉತ್ತರಾಧಿಕಾರಿ ಶಿರಾನ್‌ನ ಒಂದು ವಿಶೇಷ ಕಾರಿನಲ್ಲಿ ಅದೇ ಆಂಡಿ ವ್ಯಾಲೇಸ್ 490 ಕಿ.ಮೀ ದಾಟಿದರು. ಎರಡು ಟನ್ನಿನ ಆಸುಪಾಸಿನ ಕಾರನ್ನು ಆ ವೇಗದಲ್ಲಿ ನೆಲಕ್ಕೆ ಅಂಟಿಸಿಡುವುದು ಸಣ್ಣ ಸಾಧನೆಯಲ್ಲ. ಆದರೆ ಹತ್ತು ರೇಡಿಯೇಟರ್‌ಗಳನ್ನು ಹೊತ್ತ ವೇರಾನ್ ಯಾವತ್ತೂ ಟ್ರ್ಯಾಕಿನ ಕಾರಾಗಲಿಲ್ಲ. ಅದು ಅದರ ಗುರಿಯೂ ಆಗಿರಲಿಲ್ಲ.

ಎರಡು ದಾರಿಗಳನ್ನೂ ಒಂದಾಗಿಸಲು ಹೊರಟವರು ಸ್ವೀಡನ್ನಿನ ಕ್ರಿಸ್ಟಿಯನ್ ಫಾನ್ ಕೊನಿಗ್‌ಸೆಗ್. 2014ರ ಅವರ 'ಒನ್:1' ಕಾರಿಗೆ 1,360 ಅಶ್ವಶಕ್ತಿ, ತೂಕವೂ 1,360 ಕೆಜಿ. ಕೆಜಿಗೆ ಒಂದು ಅಶ್ವಶಕ್ತಿ ಎಂಬ ಕನಸಿನ ಅಂಕಿಯನ್ನು ರಸ್ತೆಯ ಕಾರಿನಲ್ಲಿ ನಿಜ ಮಾಡಿದ್ದು ಇದು. ಫಾರ್ಮುಲಾ ಒನ್ ವಿನ್ಯಾಸಕಾರ ಏಡ್ರಿಯನ್ ನ್ಯೂವಿ ರೂಪಿಸಿದ ಆಸ್ಟನ್ ಮಾರ್ಟಿನ್ ವಾಲ್ಕಿರಿ ಕೂಡ ಇದೇ ಗುರಿಯನ್ನು ಇಟ್ಟುಕೊಂಡು ಹೊರಟಿತು. ಕಾಸ್‌ವರ್ತ್ ಕಟ್ಟಿಕೊಟ್ಟ ಅದರ 6.5 ಲೀಟರಿನ ವಿ12 ಎಂಜಿನ್ ಟರ್ಬೊ ಇಲ್ಲದೆಯೇ ಸಾವಿರ ಅಶ್ವಶಕ್ತಿ ಕೊಡುತ್ತದೆ.

ಗಾಳಿಯಿಂದ ತೂಕ ಪಡೆಯುವುದು

ಹಗುರವಾದ ಕಾರಿಗೆ ಒಂದು ಕೊರತೆ ಇದ್ದೇ ಇರುತ್ತದೆ. ಟೈರನ್ನು ನೆಲಕ್ಕೆ ಒತ್ತುವ ಭಾರ ಕಡಿಮೆ. ಇದನ್ನು ಗಾಳಿಯಿಂದ ತುಂಬಿಕೊಳ್ಳಬಹುದು. ರೆಕ್ಕೆ ಮತ್ತು ತಳದ ಆಕಾರದಿಂದ ಗಾಳಿ ಕಾರನ್ನು ಕೆಳಕ್ಕೆ ಒತ್ತುವಂತೆ ಮಾಡಿದರೆ ಟೈರಿನ ಹಿಡಿತ ಹೆಚ್ಚುತ್ತದೆ, ಆದರೆ ತಿರುಗಿಸಬೇಕಾದ, ನಿಲ್ಲಿಸಬೇಕಾದ ತೂಕ ಹೆಚ್ಚುವುದಿಲ್ಲ. ಡೌನ್‌ಫೋರ್ಸ್ ಎನ್ನುವುದು ಇದನ್ನೇ. 2018ರ ಮೆಕ್‌ಲಾರೆನ್ ಸೆನ್ನಾ ಗಂಟೆಗೆ 250 ಕಿ.ಮೀ ವೇಗದಲ್ಲಿ 800 ಕೆಜಿ ಡೌನ್‌ಫೋರ್ಸ್ ಪಡೆಯುತ್ತದೆ. ದ್ರವಗಳಿಲ್ಲದ ಅದರ ಸ್ವಂತ ತೂಕ 1,198 ಕೆಜಿ.

ಆದರೆ ಡೌನ್‌ಫೋರ್ಸ್ ವೇಗದ ವರ್ಗಕ್ಕೆ ಅನುಗುಣವಾಗಿ ಬದಲಾಗುತ್ತದೆ. ವೇಗ ಅರ್ಧಕ್ಕಿಳಿದರೆ ಅದು ಕಾಲು ಭಾಗಕ್ಕಿಳಿಯುತ್ತದೆ. ಈ ಲೆಕ್ಕದಲ್ಲಿ 60 ಕಿ.ಮೀ ವೇಗದ ಊರ ರಸ್ತೆಯಲ್ಲಿ ಸೆನ್ನಾಗೆ ಸಿಗುವುದು ಐವತ್ತು ಕೆಜಿಯೂ ಅಲ್ಲ. ಟ್ರ್ಯಾಕಿನಲ್ಲಿ ಪ್ರಾಣವಾಗಿರುವ ರೆಕ್ಕೆ ರಸ್ತೆಯಲ್ಲಿ ನಿಷ್ಪ್ರಯೋಜಕ. ಇಂಥ ಕಾರಿನ ನೆಲಕ್ಕೆ ತಾಗುವಷ್ಟು ತಗ್ಗಾದ ಮೂತಿ, ಗಡುಸಾದ ಸ್ಪ್ರಿಂಗ್ ರಸ್ತೆಗೆ ಹೊರೆಯೇ ಆಗುತ್ತವೆ.

ಇದಕ್ಕೂ ಮರ್ರಿ ಹಳೆಯ ಉತ್ತರವೊಂದನ್ನು ಹೊಸದಾಗಿ ತಂದರು. 1978ರ ಸ್ವೀಡಿಷ್ ಗ್ರಾಂ ಪ್ರಿಯಲ್ಲಿ ನಿಕಿ ಲೌಡಾ ಗೆದ್ದದ್ದು ಮರ್ರಿ ರೂಪಿಸಿದ ಬ್ರಭಾಮ್ ಬಿಟಿ46ಬಿ ಕಾರಿನಲ್ಲಿ. ಅದರ ಹಿಂಭಾಗದ ಫ್ಯಾನ್ ತಳದ ಗಾಳಿಯನ್ನು ಸೆಳೆದುಹಾಕಿ ಕಾರನ್ನು ನೆಲಕ್ಕೆ ಹೀರಿಕೊಳ್ಳುತ್ತಿತ್ತು. ಆ ಒಂದು ರೇಸಿನ ನಂತರ ಅದು ಮತ್ತೆ ಫಾರ್ಮುಲಾ ಒನ್ ಕಣಕ್ಕಿಳಿಯಲಿಲ್ಲ. 2020ರಲ್ಲಿ ಅವರು ತೋರಿಸಿದ ಟಿ.50 ಕಾರಿನ ಹಿಂದೆ 400 ಮಿ.ಮೀ. ಅಗಲದ ಫ್ಯಾನ್ ಇದೆ. ದೊಡ್ಡ ರೆಕ್ಕೆ ಇಲ್ಲದೆಯೇ ತಳದ ಗಾಳಿಯನ್ನು ಹತೋಟಿಗೆ ತರಲು ಅದು ನೆರವಾಗುತ್ತದೆ. ತೂಕ ಒಂದು ಟನ್ನಿಗೂ ಕಡಿಮೆ. 178 ಕೆಜಿಯ, 3.9 ಲೀಟರಿನ ಕಾಸ್‌ವರ್ತ್ ವಿ12 ಎಂಜಿನ್ ನಿಮಿಷಕ್ಕೆ 12,100 ಸುತ್ತಿನವರೆಗೆ ತಿರುಗಬಲ್ಲದು, 663 ಅಶ್ವಶಕ್ತಿ ಕೊಡುತ್ತದೆ. ಗೇರು ಕೈಯಲ್ಲೇ ಹಾಕಬೇಕು, ಕ್ಲಚ್ ಕಾಲಲ್ಲೇ ತುಳಿಯಬೇಕು. ಎಫ್1ನ ಮೂರು ದಶಕಗಳ ನಂತರ ಅದಕ್ಕಿಂತ ಹಗುರವಾದ ಸೂಪರ್‌ಕಾರನ್ನು ಇಂದಿನ ಸುರಕ್ಷಾ ನಿಯಮಗಳೊಳಗೇ ಕಟ್ಟಬಹುದು ಎಂಬುದನ್ನು ಅವರು ಮಾಡಿ ತೋರಿಸಿದರು.

ನ್ಯೂರ್ಬರ್ಗ್‌ರಿಂಗ್ ಹೇಳುವ ಸತ್ಯ

ಎರಡು ದಾರಿಗಳನ್ನೂ ಒರೆಗೆ ಹಚ್ಚಲು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ಗಿಂತ ಒಳ್ಳೆಯ ಜಾಗವಿಲ್ಲ. 1927ರಲ್ಲಿ ತೆರೆದ ಅದರ 20.8 ಕಿ.ಮೀ ಉದ್ದದ ಉತ್ತರ ಸುತ್ತಿನಲ್ಲಿ ಏರು, ಇಳಿಜಾರು, ಉಬ್ಬು, ಕುರುಡು ತಿರುವು ಎಲ್ಲವೂ ಇವೆ. ರಸ್ತೆಗೆ ತೀರ ಹತ್ತಿರವಾದ ಟ್ರ್ಯಾಕ್ ಅದು.

2009ರಲ್ಲಿ ಇಂಗ್ಲೆಂಡಿನ ರ‍್ಯಾಡಿಕಲ್ ಕಂಪನಿಯ ಎಸ್‌ಆರ್8 ಕಾರನ್ನು ಮೈಕೆಲ್ ವರ್ಗರ್ಸ್ ಅಲ್ಲಿ 6 ನಿಮಿಷ 48 ಸೆಕೆಂಡುಗಳಲ್ಲಿ ಓಡಿಸಿದರು; ಆಗಿನ ಅಳತೆ 20.6 ಕಿ.ಮೀ. ಆ ಕಾರು ಏಳುನೂರು ಕೆಜಿಗಿಂತ ಹಗುರ; ಅದರ ಚಿಕ್ಕ ವಿ8 ಎಂಜಿನ್ನಿನ ಮೂಲ ಸುಝುಕಿ ಹಯಾಬುಸಾ ಬೈಕಿನ ಎಂಜಿನ್. 2022ರಲ್ಲಿ ಪೋರ್ಷೆ 911 ಜಿಟಿ3 ಆರ್‌ಎಸ್ ಪೂರ್ತಿ 20.8 ಕಿ.ಮೀ ಅನ್ನು 6:49.328ರಲ್ಲಿ ಮುಗಿಸಿತು. ಅದಕ್ಕೆ ಟರ್ಬೊ ಇಲ್ಲದ 525 ಅಶ್ವಶಕ್ತಿ, 1,450 ಕೆಜಿ ತೂಕ, 285 ಕಿ.ಮೀ ವೇಗದಲ್ಲಿ 860 ಕೆಜಿ ಡೌನ್‌ಫೋರ್ಸ್. ಮರುವರ್ಷ ಕ್ರೊವೇಷಿಯಾದ ವಿದ್ಯುತ್ ಕಾರು ರಿಮಾಕ್ ನೆವೆರಾ ಅದೇ ದೂರಕ್ಕೆ 7:05.298 ತೆಗೆದುಕೊಂಡಿತು. ಅದರ ಶಕ್ತಿ 1,914 ಅಶ್ವಶಕ್ತಿ, ತೂಕ 2,300 ಕೆಜಿ. ಮೂರೂವರೆ ಪಟ್ಟು ಶಕ್ತಿಯಿದ್ದ ಕಾರು ಹದಿನಾರು ಸೆಕೆಂಡ್ ಹಿಂದೆ ಉಳಿಯಿತು. 2025ರಲ್ಲಿ ಚೀನಾದ ಬಿವೈಡಿ ಕಂಪನಿಯ ಯಾಂಗ್‌ವಾಂಗ್ ಯು9 ಎಕ್ಸ್‌ಟ್ರೀಮ್ ಮೂರು ಸಾವಿರ ಅಶ್ವಶಕ್ತಿಯೊಂದಿಗೆ ಏಳು ನಿಮಿಷದ ಗೆರೆಯನ್ನು ತುಸುವೇ ದಾಟಿ ಒಳಬಂತು. ಅದೂ 525 ಅಶ್ವಶಕ್ತಿಯ ಪೋರ್ಷೆಯನ್ನು ಹಿಡಿಯಲಿಲ್ಲ.

ಎದುರು ವಾದಕ್ಕೂ ಇಲ್ಲಿ ಒಂದು ಬಲವಾದ ಸಾಕ್ಷಿಯಿದೆ. 2024ರಲ್ಲಿ ಮರ್ಸಿಡಿಸ್-ಎಎಂಜಿ ಒನ್ ಇದೇ ದೂರವನ್ನು 6:29.090ಕ್ಕೆ ಇಳಿಸಿತು. ಅದರ ತೂಕ 1,695 ಕೆಜಿ. 1.6 ಲೀಟರಿನ ಫಾರ್ಮುಲಾ ಒನ್ ಎಂಜಿನ್, ವಿದ್ಯುತ್ ಮೋಟಾರುಗಳು, ಸ್ವತಃ ಚಲಿಸುವ ರೆಕ್ಕೆಗಳು ಎಲ್ಲವೂ ಸೇರಿ 1,063 ಅಶ್ವಶಕ್ತಿಯನ್ನು ತಿರುವಿನಲ್ಲೂ ಕೆಲಸಕ್ಕೆ ಹಚ್ಚಿದವು. ತೂಕವನ್ನು ತಂತ್ರಜ್ಞಾನದಿಂದ ಸೋಲಿಸಬಹುದು ಎಂಬುದು ಇದರಿಂದ ಸಾಬೀತಾಗುತ್ತದೆ. ಆದರೆ ಹಾಗೆ ಸೋಲಿಸಲು ಫಾರ್ಮುಲಾ ಒನ್ ಪ್ರಯೋಗಾಲಯವೇ ಬೇಕಾಯಿತು, ವರ್ಷಗಟ್ಟಲೆ ತಡವಾಯಿತು, ಮತ್ತು ಆ ಎಂಜಿನ್ನನ್ನು ರಸ್ತೆಯ ಹೊಗೆ ನಿಯಮಕ್ಕೆ ಒಗ್ಗಿಸುವುದೇ ದೊಡ್ಡ ಹೋರಾಟವಾಯಿತು.

ಬ್ಯಾಟರಿಯ ಭಾರ

ಮುಂದಿನ ಕಾಲದ ಪ್ರಶ್ನೆ ಬ್ಯಾಟರಿಯದು. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಗಂಟೆ ಶಕ್ತಿಯಿದೆ. ಒಂದು ಕೆಜಿ ಬ್ಯಾಟರಿ ಪ್ಯಾಕಿನಲ್ಲಿ ಅದರ ಐವತ್ತನೇ ಒಂದು ಭಾಗವೂ ಹಿಡಿಸುವುದು ಕಷ್ಟ. ಪೆಟ್ರೋಲ್ ಎಂಜಿನ್ ಮುಕ್ಕಾಲು ಪಾಲನ್ನು ಶಾಖವಾಗಿ ಕಳೆದುಕೊಂಡರೂ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಲೋಟಸ್ ಎಲೀಸ್ ಮೂಲದ ವಿನ್ಯಾಸದ ಮೇಲೆ 2008ರಲ್ಲಿ ಟೆಸ್ಲಾ ತನ್ನ ಮೊದಲ ಕಾರು ರೋಡ್‌ಸ್ಟರ್ ಅನ್ನು ಕಟ್ಟಿದಾಗ, ಬ್ಯಾಟರಿ ಒಂದೇ ಸುಮಾರು 450 ಕೆಜಿ ಇತ್ತು. ಇಡೀ ಕಾರು 1,300 ಕೆಜಿಗೆ ಏರಿತು. ಹಗುರತನಕ್ಕೆ ಹೆಸರಾದ ಷಾಸಿಯೂ ಆ ಹೊರೆಯಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಮಹೀಂದ್ರಾ ಒಡೆತನದ ಆಟೋಮೊಬಿಲಿ ಪಿನಿನ್‌ಫರೀನಾ 2019ರಲ್ಲಿ ಜಿನೀವಾದಲ್ಲಿ ತೋರಿಸಿದ 'ಬತಿಸ್ತಾ' 1,900 ಅಶ್ವಶಕ್ತಿಯದು. ರಿಮಾಕ್ ತಂತ್ರಜ್ಞಾನವನ್ನೇ ಬಳಸುವ ಅದಕ್ಕೂ ಇದೇ ಭಾರ.

ಆದರೂ ದಾರಿ ಮುಚ್ಚಿಲ್ಲ. ಇಂಗ್ಲೆಂಡಿನ ಮೆಕ್‌ಮರ್ಟ್ರಿ ಕಂಪನಿ ಒಂಟಿ ಸೀಟಿನ, ಒಂದು ಟನ್ ಮೀರದ 'ಸ್ಪೀರ್ಲಿಂಗ್' ಎಂಬ ವಿದ್ಯುತ್ ಕಾರನ್ನು ಕಟ್ಟಿದೆ. ಅದರ ಫ್ಯಾನುಗಳು ನಿಂತಲ್ಲೇ ಎರಡು ಸಾವಿರ ಕೆಜಿ ಡೌನ್‌ಫೋರ್ಸ್ ಕೊಡುತ್ತವೆ. 2022ರಲ್ಲಿ ಗುಡ್‌ವುಡ್ ಬೆಟ್ಟದ ದಾರಿಯನ್ನು ಮ್ಯಾಕ್ಸ್ ಚಿಲ್ಟನ್ ಇದರಲ್ಲಿ 39.08 ಸೆಕೆಂಡುಗಳಲ್ಲಿ ಏರಿದರು. 1999ರಲ್ಲಿ ನಿಕ್ ಹೈಡ್‌ಫೆಲ್ಡ್ ಫಾರ್ಮುಲಾ ಒನ್ ಕಾರಿನಲ್ಲಿ ಸ್ಥಾಪಿಸಿದ್ದ ದಾಖಲೆ ಮುರಿದುಬಿತ್ತು. ದೂರದ ಓಟವನ್ನು ಬಿಟ್ಟುಕೊಟ್ಟು ಚಿಕ್ಕ ಬ್ಯಾಟರಿ ಇಟ್ಟುಕೊಂಡರೆ ವಿದ್ಯುತ್ ಕಾರೂ ಹಗುರವಾಗಬಲ್ಲದು ಎಂಬುದಕ್ಕೆ ಇದು ಪುರಾವೆ.

ನಮಗೇಕೆ ಈ ಲೆಕ್ಕ

ಬೆಂಗಳೂರು–ಮೈಸೂರು ಹೆದ್ದಾರಿಯ ವೇಗದ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾಗಳು ಅದನ್ನು ಕಾಯುತ್ತಿವೆ, ಕಾಯಬೇಕು ಕೂಡ. ನೆವೆರಾದಂಥ ಕಾರು ಆ ಮಿತಿಯನ್ನು ಎರಡು ಸೆಕೆಂಡಿನಲ್ಲಿ ಮುಟ್ಟುತ್ತದೆ, ಅಲ್ಲಿಗೆ ಅದರ ಶಕ್ತಿಗೆ ಕೆಲಸ ಮುಗಿಯಿತು. ಹಗುರವಾದ ಕಾರು ಹಾಗಲ್ಲ. ಅದರ ಸ್ಟಿಯರಿಂಗ್‌ನ ಚುರುಕು, ಬ್ರೇಕಿನ ನಿಖರತೆ, ತಿರುವಿನಲ್ಲಿ ಮೈ ಬಾಗುವ ರೀತಿ ಇವೆಲ್ಲ ಕಾನೂನಿನೊಳಗಿನ ವೇಗದಲ್ಲೇ ಅನುಭವಕ್ಕೆ ಬರುತ್ತವೆ. ಶಕ್ತಿಯ ಸುಖಕ್ಕೆ ಕಾನೂನು ಮೀರಬೇಕು, ಹಗುರತನದ ಸುಖಕ್ಕೆ ಮೀರಬೇಕಿಲ್ಲ. ರಸ್ತೆಗೆ ಹಗುರವಾದ ಕಾರೇ ಸಲ್ಲುತ್ತದೆ ಎಂದು ನಾನು ವಾದಿಸುವುದಕ್ಕೆ ಮುಖ್ಯ ಕಾರಣ ಇದು.

ಈ ಕಾರುಗಳನ್ನು ಕೊಳ್ಳಬಲ್ಲವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಆದರೆ ಅವು ಕಲಿಸುವ ಪಾಠ ಎಲ್ಲರದು. ನಮ್ಮ ಮಧ್ಯಮ ವರ್ಗವನ್ನು ರಸ್ತೆಗಿಳಿಸಿದ ಮಾರುತಿ 800 ಸುಮಾರು 650 ಕೆಜಿ ಇತ್ತು. ಇಂದು ಅದೇ ಮನೆಗಳ ಮುಂದೆ ನಿಂತಿರುವ ಎಸ್‌ಯುವಿಗಳು ಅದರ ಎರಡು ಪಟ್ಟು ತೂಗುತ್ತವೆ. ಆ ಹೆಚ್ಚಳದಲ್ಲಿ ಏರ್‌ಬ್ಯಾಗ್, ಗಟ್ಟಿಯಾದ ಮೈ ಇಂಥ ಅಗತ್ಯದ ಪಾಲಿದೆ, ಅದನ್ನು ಯಾರೂ ಬಿಟ್ಟುಕೊಡಬಾರದು. ಆದರೆ ಗಾತ್ರದ ಗತ್ತಿಗಾಗಿ ಬಂದ ಪಾಲೂ ಇದೆ. ಅದಕ್ಕೆ ನಾವು ಇಂಧನದಲ್ಲಿ, ಸವೆದ ಟೈರಿನಲ್ಲಿ, ಬ್ರೇಕಿನ ಧೂಳಿನಲ್ಲಿ, ಡಿಕ್ಕಿಯಾದಾಗ ದಾರಿಹೋಕನಿಗೆ ಬೀಳುವ ಹೆಚ್ಚಿನ ಪೆಟ್ಟಿನಲ್ಲಿ ಬೆಲೆ ತೆರುತ್ತಿದ್ದೇವೆ.

ಬದಲಾವಣೆ ಸಣ್ಣದರಿಂದ ಶುರುವಾಗಬಹುದು. ತಯಾರಕರು ಜಾಹೀರಾತಿನಲ್ಲಿ ಇಂಧನ, ಎಣ್ಣೆ ಎಲ್ಲ ಬಸಿದ ಒಣ ತೂಕವನ್ನು ಹೇಳುವ ರೂಢಿ ಬಿಟ್ಟು, ಓಡಲು ಸಿದ್ಧವಾದ ಕಾರಿನ ತೂಕವನ್ನೇ ಹೇಳಬೇಕು. ಆಟೋಮೊಬೈಲ್ ಪತ್ರಿಕೆಗಳು ಅಶ್ವಶಕ್ತಿಯ ಪಕ್ಕದಲ್ಲೇ ಅದನ್ನು ಅಚ್ಚುಹಾಕಬೇಕು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್‌ನಂಥ ವಿದ್ಯಾರ್ಥಿ ತಂಡಗಳಿಗೆ ಈ ಮಾತು ಹೊಸದಲ್ಲ. ಸೀಮಿತ ಎಂಜಿನ್ನಿನ ನಿಯಮದೊಳಗೆ ಗೆಲ್ಲಬೇಕಾದ ಅವರು ಪ್ರತಿ ಬೋಲ್ಟನ್ನೂ ತೂಗಿ ಕಲಿಯುತ್ತಾರೆ. ಅಂಥ ಹುಡುಗ ಹುಡುಗಿಯರು ನಾಳೆ ಕಾರು ಕಂಪನಿಗಳ ವಿನ್ಯಾಸ ವಿಭಾಗಕ್ಕೆ ಹೋದಾಗ, ಅಲ್ಲಿ ಆ ಕಲಿಕೆಯನ್ನು ಮರೆಸದೆ ಬಳಸಿಕೊಳ್ಳುವುದು ಉದ್ಯಮದ ಹೊಣೆ. ಕಾರನ್ನು ಕೊಳ್ಳುವ ನಮ್ಮ ಹೊಣೆ ಅದಕ್ಕಿಂತ ಸರಳ. ಷೋರೂಮಿನಲ್ಲಿ ಮೈಲೇಜು, ಪಿಕಪ್ ಕೇಳುವ ಮೊದಲು ಕಾರಿನ ತೂಕ ಎಷ್ಟೆಂದು ಕೇಳಬೇಕು. ಕೇಳುವವರು ಹೆಚ್ಚಾದರೆ ತೂಕ ಇಳಿಸುವ ವಿದ್ಯೆ ಕೋಟಿಗಟ್ಟಲೆ ಬೆಲೆಯ ಕಾರುಗಳಿಗಷ್ಟೇ ಮೀಸಲಾಗಿ ಉಳಿಯುವುದಿಲ್ಲ.